ಚಲುವಮ್ಮನ ಪ್ಲೇಟು

ಗ್ರಾಮಫೋನ್ ಪ್ಲೇಟಿನ ಮೇಲೆ ಮುಳ್ಳು ಸಿಕ್ಕಿಕೊಂಡಿದೆ ಎಂದು ಉಗ್ರಪ್ಪ ಕೇಳಿದ ಅರೆಗಳಿಗೆಯಲ್ಲೇ ತೀರ್ಮಾನಿಸಿಬಿಟ್ಟ. ದುಮ್ ದುಮ್ ದುಮ್ ದುಮ್. ಹಾಡಿಲ್ಲ, ಹಸೆಯಿಲ್ಲ. ಜಾವಗಲ್ಲಿನಲ್ಲಿ ಮೂವತ್ತು ವರ್ಷದಿಂದ ಮೈಕ್ ಸೆಟ್ ಅಂಗಡಿ ಇಟ್ಟವನು. ಮದುವೆ ಮನೆಯ ಪಂಕ್ತಿಯಲ್ಲಿ ಕೂತಿದ್ದರೂ ಪ್ಲೇಟು ಸಿಕ್ಕಿಕೊಂಡ ಸದ್ದು ಕೇಳಿದರೆ ಎಂಜಲು ಕೈಯಲ್ಲೇ ಓಡಿಬರುತ್ತಿದ್ದವನು. ಮೀನಿನ ಮರಿಗೆ ಈಜು ಕಲಿಸಬೇಕೆ? ಮುಳ್ಳಿನ ತಲೆಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟ. ಅದೇ ದುಮ್ ದುಮ್. ಬೆರಳಲ್ಲಿ ಒತ್ತಿ ಮುಂದಕ್ಕೆ ತಳ್ಳಿದ. ಕರ್ರ್ ಎಂದಿತು.

ಅದರ ಹಿಂದೆಯೇ ದುಮ್ ದುಮ್ ಜೊತೆಗೆ ಒಂದು ಹೆಂಗಸಿನ ದನಿ: "ಬಾ ಬಾ ಬಾ ಬಾ..." ಕೋಳಿ ಕರೆಯುವ ದನಿ. ಉಗ್ರಪ್ಪ ಮುಳ್ಳೆತ್ತಿ ಪ್ಲೇಟನ್ನು ಬೆಳಕಿಗೆ ಹಿಡಿದ. ಮುಳ್ಳು ಎಲ್ಲೂ ಸಿಕ್ಕಿಕೊಂಡಿರಲಿಲ್ಲ, ಹಾಡೇ ಹಾಗೆ. ಪ್ಲೇಟಿನ ಮೇಲೆ ಉದ್ದಕ್ಕೆ ಬಿಳಿ ಗೀರು ಬಿದ್ದಿತ್ತು.

ಪ್ಲೇಟು ಹಳೇಬೀಡಿನ ಡ್ರಾಯಿಂಗ್ ಮೇಷ್ಟ್ರು ಲಕ್ಷ್ಮೀಶ ಅವರದು. ದೇವಸ್ಥಾನ ನೋಡಲು ಬಂದು ಅವರ ಮನೆಯಲ್ಲಿ ವಾರ ಉಳಿದಿದ್ದ ಇಂಗ್ಲೆಂಡಿನವನೊಬ್ಬ, ಮೇಷ್ಟ್ರ ತಾಯಿ ಚಲುವಮ್ಮ ಕೋಳಿ ಕರೆಯುವುದನ್ನು ಟೇಪಿನಲ್ಲಿ ಹಿಡಿದುಕೊಂಡು ಹೋಗಿದ್ದನಂತೆ. ಈಗ ಅದನ್ನು ಹಾಡಿನ ಕೊನೆಗೆ ಸೇರಿಸಿ ಪ್ಲೇಟು ಮಾಡಿ ಕಳಿಸಿದ್ದ. ಹಳೇ ಕಾಲದ ಆಸಿಡ್ ಹೌಸ್, ಟೆಕ್ನೋ, ಒಂದೇ ತಾಳ ಬಡಿಯುತ್ತಲೇ ಇರುವ ಕುಣಿತದ ಹಾಡು ಎಂದೆಲ್ಲ ಮೇಷ್ಟ್ರು ಬೆಳಿಗ್ಗೆ ವಿವರಿಸುವಾಗ, ಬ್ಯಾಟರಿಗೆ ಹಾಕುವ ಆಸಿಡ್ ಬಿಟ್ಟು ಬೇರೆ ಆಸಿಡ್ ಕಾಣದ ಉಗ್ರಪ್ಪ ಅರ್ಧ ಕಿವಿಯಲ್ಲಿ ಕೇಳಿದ್ದ.

"ಇಂಥವು ಮುನ್ನೂರೇ ಮಾಡಿರೋದು ಉಗ್ರಪ್ನೋರೆ, ನಮ್ದು ಹದಿನೇಳನೇದು. ಮೆಷಿನ್ ಸರಿಯಾಗೈತಾ ನೋಡಿರಿ. ಸಂಜೆ ಅಮ್ಮನ್ನ ಕರ್ಕೊಂಡ್ ಬತ್ತೀನಿ," ಎಂದು ಹೋಗಿದ್ದರು. ಕ್ಯಾಸೆಟ್ಟು ಬಂದ ಮೇಲೆ ಸುತ್ತಮುತ್ತ ಪ್ಲೇಟಿನ ಮೆಷಿನ್ ಉಳಿದಿದ್ದುದು ಅವನೊಬ್ಬನ ಹತ್ತಿರವೇ.

ಸಂಜೆ ಚಲುವಮ್ಮ ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟು ಬಂದರು. ಬೆಂಚಿನ ತುದಿಯಲ್ಲಿ ಕೂತು, "ನನ್ ದನಿ ಇದ್ರೊಳಗೈತಂತೆ ಕಣಪ್ಪಾ," ಎಂದು ನಾಚಿಕೊಂಡರು.

"ಮೇಷ್ಟ್ರೇ, ಒಂದ್ ಮಾತು..." ಎಂದ ಉಗ್ರಪ್ಪ.

"ಮೊದ್ಲು ಹಾಕ್ರಿ. ಆಮೇಲೆ ಮಾತು."

ಗೀರಿನವರೆಗೆ ಬಂದ ಮುಳ್ಳು ಈಗ ನಿಜವಾಗಿಯೇ ಸಿಕ್ಕಿಕೊಂಡಿತು. ದುಮ್ ದುಮ್ ದುಮ್ ದುಮ್. ಎತ್ತಿ ಒಂದಿಷ್ಟು ಮುಂದಿಟ್ಟರೆ ಸಾಕು, ಚಲುವಮ್ಮನ ದನಿ ಸಿಗುತ್ತಿತ್ತು. ಆದರೆ ಎತ್ತಿದರೆ ಗೀರು ಕಾಣುತ್ತಿತ್ತು, ಗೀರು ಯಾರದೆಂಬ ಮಾತು ಬರುತ್ತಿತ್ತು. ಊರೆಲ್ಲ ಮೆಚ್ಚಿದ ಕೈ ಅದು. ಉಗ್ರಪ್ಪನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕೈ ಮಾತ್ರ ತೊಡೆ ಬಿಟ್ಟು ಏಳಲಿಲ್ಲ.

"ಸಿಕ್ಕಂಡೈತೇನ್ಲಾ?" ಎಂದು ಚಲುವಮ್ಮ ಮಗನನ್ನು ಕೇಳಿದರು.

"ಇಲ್ಲ ಕಣಮ್ಮ, ಈ ಹಾಡು ಹಿಂಗೇ ಅಂತೆ. ಸಿಕ್ಕಂಡಿದ್ರೆ ಉಗ್ರಪ್ನೋರು ಸುಮ್ನಿರ್ತಿದ್ರಾ?"

ಕಾಲು ಗಂಟೆ ಕಳೆಯಿತು. ಹಳೇಬೀಡಿನ ಬಸ್ಸು ಹಾರನ್ ಹಾಕಿತು. ಚಲುವಮ್ಮ ಎದ್ದು ಸೆರಗು ಹೊದ್ದುಕೊಂಡರು. "ತೆಗೆದಾಕವ್ರೆ ಕಣ್ಲಾ. ಕೋಳಿ ಕರೆಯೋ ದನೀನ ಯಾರಾದ್ರೂ ಪ್ಲೇಟಿಗೆ ಹಾಕ್ತಾರಾ? ನಾನೂ ಸೀರೆ ಉಟ್ಕಂಡ್ ಬಂದೆ ನೋಡು."

ಬಾಗಿಲ ಬಳಿ ತಿರುಗಿ ನಿಂತು, "ನಿನ್ ಕೆಲ್ಸ ಕೆಡಿಸ್ಬುಟ್ಟೆ, ಬ್ಯಾಸರ ಮಾಡ್ಕಬ್ಯಾಡ ಕಣಪ್ಪಾ," ಎಂದು ಉಗ್ರಪ್ಪನಿಗೆ ಕೈ ಮುಗಿದರು.