ಸೂಟ್‌ಕೇಸಿನ ತಳದ ಬಟ್ಟೆ

ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಯ ವಾಸನೆ ಬಂದರೆ ಈಗಲೂ ವಿಟ್ಲದ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಮರುದಿನ ಮಿಜಾರಿನಲ್ಲಿ ನನ್ನ ಮೊದಲ ಗೈಡ್ಸ್ ಕ್ಯಾಂಪ್. ದುಬೈಯಿಂದ ರಜೆಗೆ ಬಂದಿದ್ದ ಅಪ್ಪನೇ ನನ್ನ ಬ್ಯಾಗು ತುಂಬಲು ಕುಳಿತರು. ಬಟ್ಟೆಗಳನ್ನು ಚಾಪೆಯಂತೆ ಸುರುಳಿ ಸುತ್ತಿದರು. "ಟಾರ್ಚ್ ಮೇಲೆಯೇ ಇರಲಿ, ಕತ್ತಲೆಯಲ್ಲಿ ಹುಡುಕ್ಲಿಕ್ಕೆ ಆಗುವುದಿಲ್ಲ," ಎಂದರು.

"ಹೊದಿಲಿಕ್ಕೆ ಹೊಸ ಬೆಡ್‌ಶೀಟ್ ಉಂಟು," ಎಂದಳು ಬಾಗಿಲಲ್ಲಿ ನಿಂತಿದ್ದ ಅಮ್ಮ.

"ಅದು ಚಳಿಗಾಯ್ತು. ನಿದ್ದೆ ಬರ್ಲಿಕ್ಕೆ ಬೇರೆ ಬೇಕು ಮಾರಾಯ್ತಿ."

ಅಪ್ಪ ತಮ್ಮ ಸೂಟ್‌ಕೇಸಿನ ತಳದಿಂದ ಅಮ್ಮನ ಹಳೆಯ ಸೀರೆಯ ತುಂಡೊಂದನ್ನು ತೆಗೆದರು. ನಡುವೆ ಹರಿದು ಅರ್ಧವನ್ನು ನನ್ನ ಬ್ಯಾಗಿಗೆ ಹಾಕಿದರು. ಉಳಿದದ್ದನ್ನು ಮೊದಲಿನಂತೆಯೇ ಮಡಚಿ ತಳದಲ್ಲಿಟ್ಟರು.

"ಇದನ್ನು ನಾನು ಎಲ್ಲೆಲ್ಲ ಹುಡುಕಿದೆ!" ಎಂದ ಅಮ್ಮ, ಅಪ್ಪನ ಮುಖ ನೋಡಿ ಒಳಗೆ ಬಂದು, ತಳದಲ್ಲಿದ್ದ ಆ ತುಂಡನ್ನು ಮೆಲ್ಲಗೆ ಸವರಿ ಸೂಟ್‌ಕೇಸಿನ ಮುಚ್ಚಳ ಹಾಕಿದಳು.