ಬೀಬಿ ಚೆಲ್ಲಿದ ನೀರು

ಗಾಜಿನಂತೆ ಹೆಪ್ಪುಗಟ್ಟಿದ ಇಳಿಜಾರಿನಲ್ಲಿ, ಕಮರಿಯ ಅಂಚಿಗೇ, ಕಾರನ್ನು ಹಿಮ್ಮುಖವಾಗಿ ಇಳಿಸಿ ಮಾವನ ಮನೆ ಬಾಗಿಲಲ್ಲಿ ನಿಲ್ಲಿಸಿದವರನ್ನು ನೀವು ಕಂಡಿದ್ದೀರಾ? ಇಲ್ಲ ತಾನೆ? ಹಾಗಾದರೆ ಎದ್ದು ನಿಂತು ಓದಿ. ಅವನು ನಾನು, ಫರ್ಜಾದ್. ಚಳಿಗಾಲ ಬಂದರೆ ಅಲ್ಬೋರ್ಜ್ ಬೆಟ್ಟದವರೆಲ್ಲ ಗಾಡಿ ನಿಲ್ಲಿಸುತ್ತಾರೆ. ನಾನು ಸ್ಟಾರ್ಟ್ ಮಾಡುತ್ತೇನೆ.

ನಾನು ಮೆಚ್ಚಿದ ಹುಡುಗಿ ನಸ್ತರನ್‌ಳ ಅಪ್ಪ ಮಶ್ದಿ ಕುರ್ಬಾನ್ ತಲೆ ನರೆಯುವವರೆಗೂ ಇದೇ ಘಾಟಿಯಲ್ಲಿ ಲಾರಿ ಓಡಿಸಿದವರು. ಹೆಣ್ಣು ಕೇಳಲು ಹೋದಾಗ ನನ್ನ ಅಪ್ಪ ಅಮ್ಮನಿಗೆ ಚಹಾ ಕೊಟ್ಟರು, ನನಗೆ ಶರತ್ತು ಕೊಟ್ಟರು.

“ನೋಡಪ್ಪಾ, ಈ ಘಾಟಿ ನನ್ನ ತಮ್ಮನ್ನೇ ನುಂಗಿದೆ. ವಿಧವೆ ಮಾಡೋಕೆ ಅಂತ ಮಗಳನ್ನ ಸಾಕಿಲ್ಲ. ನಾಳೆ ಬೆಳಿಗ್ಗೆ ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಘಾಟಿ ದಾಟಿಸು. ಆಮೇಲೆ ಮಾತು.”

“ಮಾವಾ, ನನ್ನ ನೋಡಿದ್ರೆ ಘಾಟೀನೇ ಪಕ್ಕಕ್ಕೆ ಸರಿಯುತ್ತೆ!”

“ಇನ್ನೂ ಮಾವ ಆಗಿಲ್ಲ, ಬಾಯ್ಮುಚ್ಚು.”

ಬೆಳಿಗ್ಗೆ ನನ್ನ ಅಪ್ಪನ ಹಳೇ ಪೈಕಾನ್ ಕಾರು ಅವರ ಗೇಟಿನ ಮುಂದೆ ಗುಡುಗಿತು. ಮಶ್ದಿ ಬಗ್ಗಿ ಟೈರು ನೋಡಿದರು. “ಹಿಮದಲ್ಲಿ ಜಾರದ ಹಾಗೆ ಟೈರಿಗೆ ಕಟ್ಟೋ ಸರಪಳಿ ಎಲ್ಲೋ?”

“ಹುಲಿಗೆ ಸರಪಳಿ ಕಟ್ತಾರಾ ಮಾವಾ?”

ಅವರು ಒಳಗೆ ಕೂತು ಬೆಲ್ಟ್ ಬಿಗಿದುಕೊಂಡರು. ಕಾರು ಹೊರಟದ್ದೇ ತಡ, ಅವರ ತಾಯಿ ಬೀಬಿ ದೊಡ್ಡ ಪಾತ್ರೆಯ ನೀರನ್ನೆಲ್ಲ ನಮ್ಮ ಬೆನ್ನ ಹಿಂದೆ ರಸ್ತೆಗೆ ಚೆಲ್ಲಿದರು. ಹೋದವರು ಬೇಗ ಮರಳಲಿ ಎಂದು ನಮ್ಮಲ್ಲಿ ಎಲ್ಲರೂ ಚೆಲ್ಲುತ್ತಾರೆ. ಆದರೆ ಅದು ಮಂಜುಗಡ್ಡೆಯ ಮೇಲೆ ಬಿದ್ದರೆ ಎಣ್ಣೆ ಸವರಿದಂತೆ ಎಂದು ಯಾರಿಗೆ ಹೊಳೆದೀತು?

ಏರಿನ ನಡುವೆ ಚಕ್ರಗಳು ನಿಂತಲ್ಲೇ ತಿರುಗಿದವು. ಕಾರು ಒಂದು ಕ್ಷಣ ಯೋಚಿಸಿ, ಹಿಂದಕ್ಕೆ ಹೊರಟಿತು. ಒಂದು ಕಡೆ ಕಮರಿ, ಇನ್ನೊಂದು ಕಡೆ ಕಲ್ಲುಗೋಡೆ. ಮಶ್ದಿ ತಿರುಗಿ ಹಿಂದಿನ ಗಾಜಿಗೇ ಕಣ್ಣು ನೆಟ್ಟರು. ಬೀಬಿಯ ನೀರು ಸಿಕ್ಕಿದ್ದೇ ಪೈಕಾನ್ ಗಿರ್ರನೆ ಒಂದು ಸುತ್ತು ತಿರುಗಿ, ಗೇಟಿನ ಪಕ್ಕದ ಹಿಮದ ಗುಡ್ಡೆಗೆ ಬೆನ್ನು ಕೊಟ್ಟು ನಿಂತಿತು.

“ನೋಡಿದ್ರಾ ನನ್ನ ನೀರಿನ ಮಹಿಮೆ?” ಬೀಬಿ ಹಿಗ್ಗಿದರು. “ಹೋದೋರು ಚಹಾ ಆರೋಕ್ ಮುಂಚೆ ವಾಪಸ್!” ಚಾವಣಿಯ ಹಿಮ ತಳ್ಳುತ್ತಿದ್ದ ನಸ್ತರನ್ ಸಲಿಕೆ ಹಿಡಿದೇ ಬಿದ್ದು ಬಿದ್ದು ನಕ್ಕಳು.

ಮಶ್ದಿ ಇಳಿದು, ಬ್ರೇಕ್ ಒತ್ತಿದ ಕಲೆ ಹುಡುಕುತ್ತಾ ಚಕ್ರದ ಗುರುತುಗಳ ಉದ್ದಕ್ಕೂ ನಡೆದು ಬಂದರು.

“ಸರಪಳಿ ಕಟ್ಟದ ಕತ್ತೆ ನೀನು. ಕಟ್ಟೋದು ನಾನು ಕಲಿಸ್ತೀನಿ. ಆದ್ರೆ ಜಾರುವಾಗ ಬ್ರೇಕ್ ಒತ್ತದೆ ಕೂತೆಯಲ್ಲ, ಆ ಗುಂಡಿಗೇನ ಯಾರೂ ಕಲಿಸೋಕಾಗಲ್ಲ. ನನ್ನ ತಮ್ಮ ಒತ್ತಿಬಿಟ್ಟಿದ್ದ. ಬಾ ಅಳಿಯಾ, ಒಳಗೆ ಬಾ.”

ನಾನು ಕಾಲರ್ ಎತ್ತಿಕೊಂಡು, ನಿಧಾನವಾಗಿ, ಹೀರೋ ನಡೆದಂತೆ ಒಳಗೆ ನಡೆದೆ.

ನಸ್ತರನ್‌ಗೆ ಹೇಳುವುದಿಲ್ಲ ಎಂದರೆ ನಿಮಗೊಂದು ಮಾತು. ಬ್ರೇಕ್ ಒತ್ತಲಿಲ್ಲ ಎನ್ನುವುದು ಸತ್ಯ. ಕಣ್ಣು ಮುಚ್ಚಿತ್ತು, ಕಿರುಚದಂತೆ ಬಾಯಲ್ಲಿ ಮಫ್ಲರ್ ತುರುಕಿಕೊಂಡಿದ್ದೆ, ಎರಡೂ ಕಾಲು ಸೀಟಿನ ಮೇಲಿದ್ದವು.