ಘಾಟಿಯಿಂದ ಲೈವ್

ಸೇನೆಯಿಂದ ನಿವೃತ್ತರಾದ ಸುಬೇದಾರರು ಹೊಸದಾಗಿ ಬೈಕ್ ಕಲಿತು, ಹೆಲ್ಮೆಟ್ಟಿಗೆ ಕ್ಯಾಮೆರಾ ಸಿಕ್ಕಿಸಿಕೊಂಡು ಮನೆ ಗೇಟಿನಿಂದಲೇ ಶುರುವಾಗುವ ವಿಡಿಯೊಗಳನ್ನು ಯೂಟ್ಯೂಬಿಗೆ ಹಾಕತೊಡಗಿದರು. ಪ್ರತಿ ವಿಡಿಯೊದ ಕೆಳಗೂ ಒಬ್ಬನದೇ ಪ್ರಶ್ನೆ: "ಅಂಕಲ್, ನೀವು ಹೀಗೆ ಹೊರಟ್ರೆ ಮನೇಲಿ ಆಂಟಿ ಒಬ್ರೇನಾ?"

"ಹೌದಪ್ಪ, ಒಬ್ಬಳೇ. ಭಾನುವಾರ ಘಾಟಿಯಿಂದ ಲೈವ್ ಬರ್ತೀನಿ, ನೋಡು" ಎಂದು ಬರೆದರು.

"ರೀ, ತಲೆ ಕೆಟ್ಟಿದ್ಯಾ? ಯಾರೋ ಏನೋ!" ಹೆಂಡತಿ ಹೆದರಿದಳು.

"ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ವೇನೇ?"

ಶನಿವಾರವೇ ಒಮ್ಮೆ ಕ್ಯಾಮೆರಾ ಹಾಕಿಕೊಂಡು ಘಾಟಿ ಹತ್ತಿ ಇಳಿದು ಬಂದರು, ಅಭ್ಯಾಸಕ್ಕೆಂದು.

ಭಾನುವಾರ ಲೈವ್ ಶುರುವಾಯಿತು. "ಗೆಳೆಯರೇ, ಈ ತಿರುವಿಗೆ ಎರಡನೇ ಗೇರೇ ಸಾಕು" ಎಂಬ ಗಂಡನ ದನಿ ಹೆಂಡತಿಯ ಫೋನಿನಲ್ಲಿ ಕೇಳುತ್ತಿತ್ತು. ಹೊರಗೆ ಗೇಟು ಕಿರುಗುಟ್ಟಿತು. ಆಮೇಲೆ ಹಿತ್ತಿಲ ಬಾಗಿಲ ಚಿಲಕ ಮೆಲ್ಲಗೆ ಅಲ್ಲಾಡಿತು. ಅವಳು ಫೋನು ಹಿಡಿದೇ ಬಾಗಿಲ ಕಡೆ ತಿರುಗಿದಳು.

ಬಾಗಿಲ ಹಿಂದೆ ಕೂತಿದ್ದ ಸುಬೇದಾರರು, ಫೋನಿನ ಸದ್ದು ಇನ್ನಷ್ಟು ಜೋರು ಮಾಡುವಂತೆ ಅವಳಿಗೆ ಸನ್ನೆ ಮಾಡಿದರು.